ತೊಟ್ಟಿಯಲ್ಲಿದ್ದ ಐದು ಹಲಗೆಗಳು

ಮಾರ್ಚ್ ಹನ್ನೊಂದರಂದು ಗೋಡೆಯ ಉದ್ದ ನೂರ ತೊಂಬತ್ತನಾಲ್ಕು ಮೀಟರ್ ಆಗಿತ್ತು. ಆಗಬೇಕಾದದ್ದು ಮುನ್ನೂರ ಇಪ್ಪತ್ತು. ವಾರಕ್ಕೆ ಒಂಬತ್ತು ಮೀಟರಿಗಿಂತ ಹೆಚ್ಚು ಏಳುತ್ತಿರಲಿಲ್ಲವಾದ್ದರಿಂದ ಉಳಿದದ್ದಕ್ಕೆ ಹದಿನಾಲ್ಕು ವಾರ ಬೇಕಿತ್ತು. ಒಪ್ಪಂದದ ಗಡುವಿಗೆ ಇದ್ದದ್ದು ಮೂರೇ ವಾರ. ಅದೇ ದಿನ ಬೆಳಿಗ್ಗೆ ನದಿದಂಡೆಯ ಬೀದಿಯ ಇಪ್ಪತ್ತಾರು ಮನೆಗಳಿಗೂ ಒಂದೊಂದು ಚೀಟಿ ಬಂತು. ಪ್ರವಾಹ ತಡೆಯುವ ಈ ಗೋಡೆಯ ವೆಚ್ಚದಲ್ಲಿ ಮುಕ್ಕಾಲು ಪಾಲು ನಗರಸಭೆಯದು, ಕಾಲು ಪಾಲು ಬೀದಿಯವರದು. ಬೀದಿಯವರ ಪಾಲನ್ನು ಮನೆಯ ಮುಂಭಾಗದ ಅಳತೆಗೆ ತಕ್ಕಂತೆ ಹಂಚಲಾಗಿತ್ತು. ಮೀಟರಿಗೆ ನಾಲ್ಕು ಸಾವಿರವೆಂದು ಆರಂಭವಾದ ದರ ಈಗ ಐದೂವರೆ ಸಾವಿರವೆಂದು ಚೀಟಿ ತಿಳಿಸುತ್ತಿತ್ತು.

ದೋಣಿ ರಿಪೇರಿಯವನ ಮನೆಯಲ್ಲಿ ಆ ಚೀಟಿ ಊಟದ ಮೇಜಿನ ಮೇಲೆ, ಬ್ರೆಡ್ಡಿನ ತಟ್ಟೆಯ ಪಕ್ಕದಲ್ಲಿ ಬಿದ್ದಿತ್ತು. ಮನೆಯ ಖರ್ಚು ನೋಡಿಕೊಳ್ಳುತ್ತಿದ್ದವಳು ಸೊಸೆ. ಅವಳು ಅದನ್ನು ಓದಿ ಮಡಿಸಿಟ್ಟಳು. ಅವಳ ಹದಿನಾರರ ಮಗಳು ಮತ್ತೆ ಬಿಚ್ಚಿದಳು.

"ನಮ್ದು ಎಂಟು ಮೀಟರ್. ಮೂವತ್ತೆರಡು ಇದ್ದದ್ದು ನಲವತ್ತನಾಲ್ಕು ಸಾವಿರ ಆಯ್ತು."

"ಬಾಯಲ್ಲಿರೋದು ನುಂಗಿ ಲೆಕ್ಕ ಹೇಳು," ಎಂದಳು ಸೊಸೆ.

"ನುಂಗಿದ್ರೆ ಕಡಿಮೆ ಆಗುತ್ತಾ ಅಮ್ಮ?"

"ಯಾಕಂತೆ ಏರಿಸಿದ್ದು?" ಎಂದು ಅತ್ತೆ ಕೇಳಿದಳು. ಆಕೆಗೆ ಎಡಗಿವಿ ಮಂದ. ಬೇಡದ ಮಾತಿಗೆ ಎರಡೂ ಮಂದ.

ಉತ್ತರ ಕೊಟ್ಟವನು ಸೊಸೆಯ ಗಂಡ. ಅವನು ಆ ಗೋಡೆಯ ಮೇಲೆಯೇ ದುಡಿಯುತ್ತಿದ್ದ. ಕಾಂಕ್ರೀಟು ಸುರಿಯುವ ಮುನ್ನ ಹಲಗೆಗಳ ಅಚ್ಚು ಕಟ್ಟುವ ಬಡಗಿ ಅವನು. ದಿನಗೂಲಿ ಒಂಬೈನೂರು, ವಾರಕ್ಕೆ ಆರು ದಿನ. "ಕೆಳಗೆ ಮಣ್ಣು ಮೆತ್ತಗಿದೆಯಂತಮ್ಮ. ಆರು ಮೀಟರ್ ಇಳಿಬೇಕಾಗಿದ್ದ ಕಂಬ ಒಂಬತ್ತು ಮೀಟರ್ ಇಳೀತಿದೆ."

"ನದಿ ಪಕ್ಕ ಮಣ್ಣು ಮೆತ್ತಗಿರುತ್ತೆ ಅಂತ ಹೇಳೋಕೆ ಎಂಜಿನಿಯರ್ ಬೇಕಿತ್ತಾ? ನನ್ನ ಕೇಳಿದ್ರೆ ಚಹಾ ಕುಡಿಸಿ ಹೇಳಿ ಕಳಿಸ್ತಿದ್ದೆ."

ಮಗಳು ಚೀಟಿಯ ಬೆನ್ನಿನ ಮೇಲೆ ಗುಣಾಕಾರ ಮಾಡುತ್ತಿದ್ದಳು. "ಕೆಲಸ ಹನ್ನೊಂದು ವಾರ ಜಾಸ್ತಿ ಎಳೆಯುತ್ತೆ. ಅಪ್ಪನಿಗೆ ವಾರಕ್ಕೆ ಐದು ಸಾವಿರದ ನಾನೂರು. ಹನ್ನೊಂದಕ್ಕೆ ಐವತ್ತೊಂಬತ್ತು ಸಾವಿರದ ನಾನೂರು. ನಾವು ಜಾಸ್ತಿ ಕೊಡೋದು ಹನ್ನೆರಡೇ ಸಾವಿರ. ಗೋಡೆ ನಿಧಾನ ಆದಷ್ಟೂ ನಮಗೆ ಲಾಭ."

"ಹೊರಗೆ ಎಲ್ಲೂ ಈ ಮಾತಾಡ್ಬೇಡ," ಎಂದ ಗಂಡ, ಬೂಟಿನ ದಾರ ಕಟ್ಟುತ್ತ.

ಇಷ್ಟು ಹೊತ್ತು ಮೊಟ್ಟೆ ತಿನ್ನುತ್ತಿದ್ದ ಮಾವ ತಟ್ಟೆ ಸರಿಸಿದ. "ಕಂಡಿಗೆ ಎಷ್ಟು ಹಾಕಿದಾರೆ ನೋಡು," ಎಂದ.

ಆ ಮನೆಗೆ ಮಾತ್ರ ಸಂಬಂಧಪಟ್ಟ ಕಲಮು ಅದು. ಮನೆಯ ಕೆಳ ಅಂತಸ್ತು ಮಾವನ ಕಾರ್ಯಾಗಾರ. ದುರಸ್ತಿಯ ದೋಣಿಗಳು ನದಿಯಿಂದ ಬೀದಿ ದಾಟಿ ಒಳಗೆ ಬರಬೇಕು, ಮತ್ತೆ ಹೊರಗೆ ಹೋಗಬೇಕು. ಆದ್ದರಿಂದ ಅವನ ಮನೆಯ ಎದುರು ಗೋಡೆಯಲ್ಲಿ ಮೂರು ಮೀಟರ್ ಅಗಲದ ಕಂಡಿಯೊಂದನ್ನು ಬಿಡುವುದೆಂದು ತೀರ್ಮಾನವಾಗಿತ್ತು. ನೀರು ಏರಿದಾಗ ಕಂಡಿಯ ಎರಡು ಬದಿಯ ಕಬ್ಬಿಣದ ತೋಡುಗಳಲ್ಲಿ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಮುಚ್ಚಬೇಕು. ಆ ಲೋಹದ ಹಲಗೆಗಳ ಖರ್ಚು ಅವನದೇ.

"ಹದಿನೆಂಟು ಸಾವಿರ. ಅದು ಏರಿಲ್ಲ," ಎಂದಳು ಸೊಸೆ.

"ಇನ್ನೂ ಏರಿಲ್ಲ," ಎಂದು ತಿದ್ದಿ ಮಾವ ಕೆಳಗಿಳಿದು ಹೋದ.

ಏಪ್ರಿಲ್ ಪೂರ್ತಿ ಬೀದಿಯಲ್ಲಿ ಕಾಂಕ್ರೀಟು ಯಂತ್ರ ತಿರುಗುತ್ತಿತ್ತು. ಕಿಟಕಿ ತೆರೆದರೆ ಸಿಮೆಂಟಿನ ಧೂಳು, ಮುಚ್ಚಿದರೆ ಸೆಕೆ. ಯಾರೂ ಒಂದು ಕಡೆ ಕುಳಿತು ಉಣ್ಣುತ್ತಿರಲಿಲ್ಲ. ಅತ್ತೆ ಗಂಟೆಗೊಮ್ಮೆ ಬೀದಿಗೆ ಹೋಗಿ ಬರುತ್ತಿದ್ದಳು. ಗೋಡೆ ಅವಳ ಹಣೆಯ ಮಟ್ಟ ದಾಟಿದ ಮೇಲೆ ನದಿ ಕಾಣುತ್ತಿದ್ದುದು ಕಂಡಿಯಲ್ಲಿ ಮಾತ್ರ. ಅಲ್ಲಿ ನಿಂತು ನೋಡಿ ಬಂದು, "ಇದೆ," ಎಂದು ವರದಿ ಕೊಡುತ್ತಿದ್ದಳು.

"ಇರದೆ ಎಲ್ಲಿಗೆ ಹೋಗುತ್ತೆ ಅಜ್ಜಿ?"

"ದುಡ್ಡು ಕೊಟ್ಟು ಮುಚ್ಚಿಸ್ತಿದೀವಲ್ಲ, ಇದೆಯೋ ಇಲ್ವೋ ಅಂತ ಖಾತ್ರಿ ಮಾಡ್ಕೋಬೇಡ್ವಾ?"

ಸೊಸೆ ದಿನವೂ ಅದೇ ಸಾಲಿನ ಬೇಕರಿಗೆ ಹೋಗಿ ಬ್ರೆಡ್ಡು ತರುತ್ತಿದ್ದಳು. ಬೇಕರಿಯವನದು ಹನ್ನೆರಡು ಮೀಟರಿನ ಮುಂಭಾಗ. ಚೀಟಿ ಬಂದಾಗಲೆಲ್ಲ ಅವನಿಗೆ ಎಲ್ಲರಿಗಿಂತ ಹೆಚ್ಚು ಹೊಡೆತ ಬೀಳುತ್ತಿತ್ತು.

"ಏನಮ್ಮಾ, ನಿನ್ನ ಗಂಡ ಇವತ್ತು ಎಷ್ಟು ಮೊಳೆ ಹೊಡೆದ? ಒಂದೋ, ಎರಡೋ?"

"ನಿಮ್ಮ ಬ್ರೆಡ್ಡಿಗೆ ಎಷ್ಟು ಗಾಳಿ ತುಂಬಿದೀರಿ ಅಂತ ನಾನು ಯಾವತ್ತಾದ್ರೂ ಕೇಳಿದೀನಾ?"

"ಗಾಳಿ ಪುಕ್ಕಟೆ ಕೊಡ್ತೀನಮ್ಮ. ಅವನ ಕೂಲಿಗೆ ನಾನು ಮೀಟರ್ ಲೆಕ್ಕದಲ್ಲಿ ದುಡ್ಡು ಕಟ್ತಿದೀನಿ."

ಅವಳು ಚಿಲ್ಲರೆ ಎಣಿಸಿಕೊಂಡು ಬಂದಳು. ಆ ಮಾತನ್ನು ಮನೆಯಲ್ಲಿ ಹೇಳಲಿಲ್ಲ. ಮರುದಿನ ಬ್ರೆಡ್ಡು ತರಲು ಮಗಳನ್ನು ಕಳಿಸಿದಳು.

ಮೇ ಇಪ್ಪತ್ತರಂದು ಮೂರನೆಯ ಚೀಟಿ ಬಂತು. ಮೀಟರಿಗೆ ಏಳು ಸಾವಿರದ ಇನ್ನೂರ ಐವತ್ತು. ಮನೆಯ ಪಾಲು ಐವತ್ತೆಂಟು ಸಾವಿರ. ಕಂಡಿಯ ಲೋಹದ ಹಲಗೆಗಳಿಗೆ ಮೂವತ್ತೊಂದು ಸಾವಿರ.

"ಒಟ್ಟು ಎಂಬತ್ತೊಂಬತ್ತು," ಎಂದಳು ಮಗಳು. ಈ ಸಲ ಲಾಭದ ಲೆಕ್ಕ ತೆಗೆಯಲಿಲ್ಲ.

ಸೊಸೆ ಆಲೂಗೆಡ್ಡೆಯ ಸಿಪ್ಪೆ ಹೆರೆಯುವುದನ್ನು ನಿಲ್ಲಿಸಿದಳು. "ಮಾವ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೋದ ವರ್ಷ ಎಷ್ಟು ದೋಣಿ ಬಂತು?"

"ಹನ್ನೊಂದು."

"ಹನ್ನೊಂದು ದೋಣಿಗೋಸ್ಕರ ಮೂವತ್ತೊಂದು ಸಾವಿರ ಕೊಡೋದಾ? ಕಂಡಿ ಬೇಡ ಅಂದ್ರೆ ಗೋಡೆ ನೇರ ಹೋಗುತ್ತೆ."

"ದೋಣಿ ಎಲ್ಲಿಂದ ಬರುತ್ತೆ? ಚಿಮಣಿಯಿಂದಲಾ?"

"ಅವಳು ಕೇಳೋದ್ರಲ್ಲಿ ತಪ್ಪೇನಿದೆ ಅಪ್ಪ," ಎಂದ ಗಂಡ.

"ತಪ್ಪಿಲ್ಲ. ನಿನ್ನ ಹತ್ರ ದುಡ್ಡು ಕೇಳಿದ್ನಾ? ಹಲಗೆ ನಾನೇ ಮಾಡ್ಕೋತೀನಿ. ಹಳೇ ಸರಕುದೋಣಿಯ ಮರ ಇದೆ, ಐವತ್ತು ವರ್ಷ ನೀರಲ್ಲಿದ್ದದ್ದು. ಬೋಲ್ಟು, ಪಟ್ಟಿ ಸೇರಿ ಸಾವಿರದ ನೂರೈವತ್ತಾಗುತ್ತೆ. ಅದೂ ನನ್ನ ಜೇಬಿಂದು."

ಅವನು ಅಂದದ್ದನ್ನು ಹತ್ತು ದಿನದಲ್ಲಿ ಮಾಡಿ ಮುಗಿಸಿದ. ಐದು ಹಲಗೆಗಳು, ಒಂದೊಂದೂ ಮೂರು ಮೀಟರಿಗಿಂತ ಸ್ವಲ್ಪ ಉದ್ದ, ಹಿಡಿ ದಪ್ಪ, ಇಬ್ಬರು ಎತ್ತಬೇಕಾದ ಭಾರ. ಬೀದಿಯ ಸಮಿತಿಯ ಕಾರ್ಯದರ್ಶಿ ಬಂದು ಅಳತೆಪಟ್ಟಿ ಹಿಡಿದು ನೋಡಿ, ತೋಡಿನಲ್ಲಿ ಹಲಗೆ ಸಡಿಲವಾಗಿ ಕೂರುತ್ತದಲ್ಲ ಎಂದು ಆಕ್ಷೇಪಿಸಿದ. ಆತ ನಿವೃತ್ತ ಅಂಚೆ ಗುಮಾಸ್ತ.

"ಒಣಗಿದಾಗ ಸಡಿಲವೇ ಇರಬೇಕು," ಎಂದ ಮಾವ. "ದೋಣಿಗೂ ಹಾಗೇ ಮಾಡೋದು. ಮರ ನೀರು ಕುಡಿದ ಮೇಲೆ ಉಬ್ಬಿ ಬಿಗಿಯಾಗುತ್ತೆ. ಬಿಗಿಯಾಗಿ ಕೊಯ್ದು ಕೊಟ್ರೆ, ಉಬ್ಬಿದ ದಿನ ಕಬ್ಬಿಣ ಬಾಗುತ್ತೆ, ಇಲ್ಲಾ ಹಲಗೆ ಒಳಗೇ ಹೋಗಲ್ಲ."

"ನೀರು ಬಂದ ಮೇಲೆ ಕುಡಿಯೋಕೆ ಟೈಮ್ ಎಲ್ಲಿರುತ್ತೆ?"

"ಮೊದಲೇ ಕುಡಿದಿರುತ್ತೆ. ಜೂನ್ ಒಂದರಿಂದ ಮಳೆಗಾಲ ಮುಗಿಯೋವರೆಗೂ ಇವು ನನ್ನ ತೊಟ್ಟಿಯಲ್ಲಿ ಮುಳುಗಿರುತ್ತೆ. ಪ್ರತಿ ಶನಿವಾರ ಮಗುಚಿ ಹಾಕ್ತೀನಿ. ಸುತ್ತಿಗೆಯಲ್ಲಿ ಬಡಿದೇ ಇಳಿಸಬೇಕು, ಅಷ್ಟು ಬಿಗಿ ಇರುತ್ತೆ."

ಕಾರ್ಯದರ್ಶಿ ಒಪ್ಪಿ ಬರೆದುಕೊಂಡ. ಒಪ್ಪದಿದ್ದವಳು ಒಳಗೆ ಕಿಟಕಿಯ ಹಿಂದೆ ನಿಂತಿದ್ದಳು.

ಹಿತ್ತಲಿನ ಆ ಸಿಮೆಂಟಿನ ತೊಟ್ಟಿ ಮೂರೂವರೆ ಮೀಟರ್ ಉದ್ದದ್ದು. ದೋಣಿಯ ಹಲಗೆ ನೆನೆಸಲೆಂದೇ ಮಾವ ಅದನ್ನು ಹಿಂದೆ ಕಟ್ಟಿಸಿದ್ದ. ದೋಣಿಗಳು ಕಡಿಮೆಯಾದ ಮೇಲೆ ಅದು ಖಾಲಿ ಬಿತ್ತು. ಒಂಬತ್ತು ವರ್ಷದಿಂದ ಸೊಸೆ ಅದರಲ್ಲಿ ಒಂದು ಸಣ್ಣ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದುಕೊಡುತ್ತಿದ್ದಳು. ವಾರಕ್ಕೆ ಮೂವತ್ತು, ಒಂದಕ್ಕೆ ಇಪ್ಪತ್ತೈದು. ಜೂನಿನಿಂದ ಆಸ್ಪತ್ರೆಗೆ ಹೊಸ ಕೋಣೆ ಸೇರಿ ಅದು ಅರವತ್ತಾಗುವುದಿತ್ತು. ವಾರಕ್ಕೆ ಸಾವಿರದ ಐನೂರು. ಗೋಡೆಯ ಕಂತು ಕಟ್ಟಲು ಅವಳು ನಂಬಿಕೊಂಡಿದ್ದುದು ಆ ಹಣವನ್ನೇ.

"ಮಾವ, ನಾಲ್ಕು ತಿಂಗಳು ತೊಟ್ಟಿ ನಿಮಗೆ ಕೊಟ್ರೆ ನಾನೆಲ್ಲಿ ಒಗೀಲಿ?"

"ತೊಟ್ಟಿ ನಾನು ಕಟ್ಟಿಸಿದ್ದು."

"ಒಂಬತ್ತು ವರ್ಷದಿಂದ ಅದರಲ್ಲಿ ಕೈ ಮುಳುಗಿಸ್ತಿರೋಳು ನಾನು."

"ಕೈ ಬಕೆಟ್ಟಲ್ಲೂ ಮುಳುಗುತ್ತೆ. ಹಲಗೆ ಮುಳುಗಲ್ಲ."

"ಒಣಗಿಸಿ ಎತ್ತಿಟ್ರೆ ಏನಾಗುತ್ತೆ? ನೀರಲ್ಲಿಟ್ರೆ ಮರ ಕೊಳೆಯಲ್ವಾ?"

"ಅವಳಿಗೆ ಉತ್ತರ ಕೊಡಿ," ಎಂದಳು ಅತ್ತೆ. ಸೊಸೆಯ ಪರವಾಗಿ ಅಲ್ಲ. ಜಗಳ ಬೇಗ ಮುಗಿದು ಊಟಕ್ಕೆ ಕೂರಲಿ ಎಂದು.

"ಉತ್ತರ ಕಾರ್ಯದರ್ಶಿಗೆ ಕೊಟ್ಟಾಯ್ತು. ಇವಳೂ ಕೇಳಿಸ್ಕೊಂಡಳು."

ಜೂನ್ ಒಂದರಂದು ಹಲಗೆಗಳು ತೊಟ್ಟಿಗಿಳಿದವು; ತೇಲದಂತೆ ಮೇಲೆ ಕಲ್ಲು ಹೇರಲಾಯಿತು. ಸೊಸೆ ಬಕೆಟ್ಟುಗಳಲ್ಲಿ ಒಗೆದಳು. ಅರವತ್ತು ಬಟ್ಟೆಗೆ ಮೂರು ದಿನವಾದರೂ ಸಾಲದಾಯಿತು. ಎರಡನೆಯ ವಾರ ಅವಸರದಲ್ಲಿ, ಹಲಗೆಗಳ ಮೇಲಿನ ನೀರಲ್ಲೇ ಒಂದಷ್ಟನ್ನು ಅದ್ದಿದಳು. ಮರದ ಕಂದು ರಸ ಹತ್ತಿ ಆರು ಬಟ್ಟೆ ಕಲೆಯಾದವು. ಆಸ್ಪತ್ರೆಯ ಮೇಲ್ವಿಚಾರಕಿ ಆರನ್ನೂ ಮೇಜಿನ ಮೇಲೆ ಹರಡಿ, "ಇದರ ಮೇಲೆ ರೋಗಿನ ಮಲಗಿಸಿದ್ರೆ ರೋಗಿ ಎದ್ದು ಓಡಿಹೋಗ್ತಾನೆ. ಇನ್ನೊಂದು ಸಲ ಹೀಗಾದ್ರೆ ಬೇರೆಯವರಿಗೆ ಕೊಡ್ತೀನಿ," ಎಂದಳು.

ಜೂನ್ ಹದಿನೇಳಕ್ಕೆ ಗೋಡೆ ಮುನ್ನೂರ ಇಪ್ಪತ್ತನೆಯ ಮೀಟರನ್ನು ಮುಟ್ಟಿತು. ಗಂಡನಿಗೆ ಉಳಿದದ್ದು ಅಂಚು ನಯ ಮಾಡುವ, ಮೆಟ್ಟಿಲು ಹಾಕುವ ಚಿಲ್ಲರೆ ಕೆಲಸ. ಅದೂ ವಾರಕ್ಕೆ ಮೂರು ದಿನ. ಮನೆಯಲ್ಲಿ ಸಾರಿಗೆ ನೀರು ಹೆಚ್ಚಾಯಿತು. ಮೊಟ್ಟೆ ಮಾವನಿಗೂ ಮಗಳಿಗೂ ಮಾತ್ರವಾಯಿತು. ಆಗಲೇ ಮಾವನಿಗೆ ನದಿಯ ಮೇಲ್ಭಾಗದಿಂದ ಕರೆ ಬಂತು: ದಾಟುದೋಣಿಯೊಂದರ ತಳ ಬದಲಿಸಬೇಕು, ಐದು ದಿನದ ಕೆಲಸ, ಆರು ಸಾವಿರ.

ಜುಲೈ ಮೂರರಂದು ಅವನು ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೊರಟ. ಬಾಗಿಲಲ್ಲಿ ನಿಂತು ಮಗನಿಗೆ ಹೇಳಿದ: "ನಾಳೆ ಶನಿವಾರ, ಮಗುಚಿ ಹಾಕು. ಕಲ್ಲು ಮತ್ತೆ ಇಡೋದು ಮರೀಬೇಡ."

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಅರವತ್ತು ಬಟ್ಟೆಯ ಗಂಟು ಬಂತು. ಆಕಾಶ ತೊಳೆದ ತಟ್ಟೆಯಂತಿತ್ತು. ಸೊಸೆ ಗಂಡನನ್ನು ಹಿತ್ತಲಿಗೆ ಕರೆದಳು.

"ಇವನ್ನ ಎತ್ತಿ ಗೋಡೆಗೆ ಒರಗಿಸೋಣ. ಎರಡೇ ದಿನ. ಮಾವ ಬರೋದ್ರೊಳಗೆ ಮತ್ತೆ ಹಾಕೋಣ."

"ಅಪ್ಪ ಬೇಡ ಅಂದಿದಾರೆ."

"ಅಪ್ಪ ಕಂತು ಕಟ್ತಾರಾ? ಈ ವಾರ ನಿಮ್ಮ ಕೂಲಿ ಎಷ್ಟು?"

ಎರಡು ಸಾವಿರದ ಏಳುನೂರು. ಅವನು ಬಗ್ಗಿ ಹಲಗೆಯ ಒಂದು ತುದಿ ಹಿಡಿದ.

ಅವಳು ತೊಟ್ಟಿ ಉಜ್ಜಿ, ಹೊಸ ನೀರು ತುಂಬಿ, ಎರಡು ದಿನದಲ್ಲಿ ಅರವತ್ತನ್ನೂ ಒಗೆದಳು. ಬಿಳಿ ಬಟ್ಟೆಗಳು ಹಗ್ಗದ ಮೇಲೆ ಫಟಫಟ ಬಡಿದುಕೊಂಡವು. ಎರಡು ದಿನ ಮೂರಾಯಿತು, ಮೂರು ನಾಲ್ಕಾಯಿತು. ಮನೆಯವರ ಬಟ್ಟೆಯೂ ಇತ್ತು, ಪರದೆಗಳೂ ಇದ್ದವು. ಮತ್ತೆ ಕೆಳಗಿಳಿಸಲು ಗಂಡನಿಗೆ ಬಿಡುವಾಗಲಿಲ್ಲ. ಹಲಗೆಗಳು ಬಿಸಿಲಿಗೆ ಒರಗಿ ನಿಂತಿದ್ದವು. ಒಣಗಿ ಬಣ್ಣ ತಿಳಿಯಾದ ಅವನ್ನು ಅವಳು ಒಂದು ಸಲ ಒರೆಸಿಯೂ ಬಂದಳು.

ಜುಲೈ ಎಂಟರಂದು ಬೆಳಿಗ್ಗೆ ಮೇಲಿನ ಜಲಾಶಯದಿಂದ ನೀರು ಬಿಡುವರೆಂದು ಸೈರನ್ನು ಕೂಗಿತು. ಮಳೆ ಬಿದ್ದದ್ದು ಎಲ್ಲೋ, ನೀರು ಬಂದದ್ದು ಇಲ್ಲಿಗೆ. ಮಧ್ಯಾಹ್ನ ಎರಡಕ್ಕೆ ನದಿ ಗೋಡೆಯ ಬುಡ ಮುಟ್ಟಿತು. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಗಂಡ, ಸೊಸೆ, ಬೇಕರಿಯವ, ನೆರೆಯವನೊಬ್ಬ ನಾಲ್ವರೂ ಸೇರಿ ಹಲಗೆಗಳನ್ನು ಹಿತ್ತಲಿನಿಂದ ಹೊತ್ತು ತಂದರು.

ಹಲಗೆಗಳು ಹಗುರವಾಗಿದ್ದವು. ತೋಡುಗಳಲ್ಲಿ ಸರ್ರನೆ ಇಳಿದವು. ಒಂದಕ್ಕೂ ಸುತ್ತಿಗೆ ಬೇಕಾಗಲಿಲ್ಲ.

"ಆರು ನಿಮಿಷ!" ಎಂದು ಮಗಳು ಚಪ್ಪಾಳೆ ತಟ್ಟಿದಳು.

"ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ," ಎಂದ ಬೇಕರಿಯವ. "ಮುದುಕ ಸುಮ್ನೆ ಹೆದರಿಸಿದ್ದ."

ಸೊಸೆಯೂ ನಕ್ಕಳು. ಸೆರಗಿಗೆ ಕೈ ಒರೆಸಿಕೊಂಡು, ಒಣಗಿಸಿದ್ದೇ ಒಳ್ಳೆಯದಾಯಿತಲ್ಲ ಎಂದು ಗಂಡನಿಗೆ ಕಣ್ಣಲ್ಲೇ ಹೇಳಿದಳು.

ಮೂರು ಗಂಟೆಗೆ ನೀರು ಕೆಳಗಿನ ಹಲಗೆಗೆ ತಾಗಿತು. ಮೊದಲು ಎರಡು ತುದಿಗಳಿಂದ ಬೆರಳು ದಪ್ಪದ ನೀರು ಚಿಮ್ಮಿತು. ಆಮೇಲೆ ಬಿಸಿಲಿಗೆ ಸೊಟ್ಟಗಾಗಿದ್ದ ಹಲಗೆಗಳ ನಡುವಿನ ಸಂದುಗಳಿಂದ ಉದ್ದಕ್ಕೂ ಪರದೆಯಂತೆ ಇಳಿಯಿತು. ನದಿ ಎರಡನೆಯ ಹಲಗೆಗೇರಿತು, ಮೂರನೆಯದಕ್ಕೇರಿತು. ಬೀದಿಯ ಮೇಲೆ ಹರಿದ ನೀರು ತಗ್ಗು ಹುಡುಕಿತು. ಬೀದಿಯಲ್ಲಿ ಎಲ್ಲಕ್ಕಿಂತ ತಗ್ಗು ಬೇಕರಿಯ ನೆಲಮಾಳಿಗೆ.

"ಹಿಟ್ಟು!" ಎಂದು ಕೂಗಿ ಬೇಕರಿಯವ ಓಡಿದ.

ಮಾವ ಬಂದದ್ದು ನಾಲ್ಕೂವರೆಯ ಬಸ್ಸಿಗೆ. ಚೀಲ ಹೆಗಲಲ್ಲಿರುವಂತೆಯೇ ಪಾದ ಮುಳುಗುವ ನೀರಿನಲ್ಲಿ ನಡೆದು ಬಂದು ಹಲಗೆಗಳ ಮೇಲೆ ಅಂಗೈ ಇಟ್ಟ. ತಿಳಿಯಾದ ಬಣ್ಣ ನೋಡಿದ. ಮಗನ ಮುಖ ನೋಡಿದ. ಸೊಸೆಯ ಮುಖ ನೋಡಿದ.

"ಬಟ್ಟೆ ತಾ," ಎಂದ. "ಹತ್ತಿಯದು. ಇರೋದೆಲ್ಲ."

ಮನೆಯಲ್ಲಿದ್ದ ಹತ್ತಿಯೆಂದರೆ ಇಸ್ತ್ರಿ ಮಾಡಿ ಮಡಿಸಿಟ್ಟ ಆಸ್ಪತ್ರೆಯ ಅರವತ್ತು ಹಾಸಿಗೆ ಬಟ್ಟೆ. ಸೊಸೆ ಒಂದು ಕ್ಷಣ ಬಾಗಿಲಲ್ಲಿ ನಿಂತಳು. ಅನಂತರ ಒಂದು ಕಟ್ಟನ್ನು ಎದೆಗೊತ್ತಿ ತಂದು, ಮೊದಲ ಬಟ್ಟೆಯ ಅಂಚನ್ನು ತಾನೇ ಹಲ್ಲಿನಿಂದ ಕಚ್ಚಿ ಹರಿದಳು. ಅವಳೂ ಮಗಳೂ ಪಟ್ಟಿ ಹರಿದು ಹರಿದು ಕೊಟ್ಟರು. ಮಾವ ದೋಣಿಯ ಸಂದಿಗೆ ನಾರು ತುಂಬುವ ಉಳಿಯಿಂದ ಅವನ್ನು ಬಡಿದು ತುಂಬಿದ. ಗಂಡ ಎದೆಯಿಂದ ಹಲಗೆ ಒತ್ತಿ ಹಿಡಿದಿದ್ದ. ಇಪ್ಪತ್ತೆರಡು ಬಟ್ಟೆ ಹೋದವು. ಏಳು ಗಂಟೆಗೆ ಹಲಗೆಗಳು ಸಾಕಷ್ಟು ನೀರು ಕುಡಿದು ಉಬ್ಬಿ, ಕಬ್ಬಿಣದಲ್ಲಿ ಕಚ್ಚಿಕೊಂಡವು. ಆಮೇಲೆ ಒಂದು ತೊಟ್ಟು ಬರಲಿಲ್ಲ. ಬೇಕರಿಯವ ಮೊಣಕಾಲವರೆಗೆ ಒದ್ದೆಯಾಗಿ ಬಂದು, ಹಲಗೆಯ ಮೇಲೆ ಕೈ ಇಟ್ಟು ನೋಡಿ ಹೋದ. ಅವನ ಒಂಬತ್ತು ಚೀಲ ಹಿಟ್ಟು ಕಲಸಿದಂತಾಗಿತ್ತು.

ಮರುದಿನದಿಂದ ಮನೆಯಲ್ಲಿ ಯಾರೂ ಯಾರ ಎದುರೂ ನಿಲ್ಲಲಿಲ್ಲ. ಮಾವ ಚಹಾ ಲೋಟ ಹಿಡಿದು ಕೆಳಗಿಳಿದರೆ ಊಟಕ್ಕೆ ಮಾತ್ರ ಬರುತ್ತಿದ್ದ. ಬಯ್ದಿದ್ದರೆ ಸೊಸೆಗೆ ತಿರುಗಿ ಬಯ್ಯಲು ಒಂದು ಜಾಗ ಸಿಗುತ್ತಿತ್ತು. ಅವನು ಬಯ್ಯಲಿಲ್ಲ. ಆರು ಸಾವಿರವನ್ನು ತಂದು ಮೇಜಿನ ಮೇಲಿಟ್ಟು, "ಕಂತಿಗೆ," ಎಂದ, ಅಷ್ಟೆ.

ಬೀದಿಯಲ್ಲಿ ಮಾತ್ರ ಮಾತು ನಿಲ್ಲಲಿಲ್ಲ. ಮನೆಯಲ್ಲಿ ಮಾಡಿದ ಹಲಗೆ ಸೋರಿತು. ಮೂವತ್ತೊಂದು ಸಾವಿರ ಉಳಿಸಲು ಹೋಗಿ ಬೀದಿ ಮುಳುಗಿಸಿದ. ಮುದುಕನ ಕೈಚಳಕ ಹೋಗಿದೆ. ಜುಲೈ ಹದಿನೇಳಕ್ಕೆ ಸಭೆ ಕರೆಯಲಾಯಿತು. ಕಂಡಿಯನ್ನು ಕಾಂಕ್ರೀಟಿನಿಂದ ಶಾಶ್ವತವಾಗಿ ಮುಚ್ಚುವ ಪ್ರಸ್ತಾಪ. ಹಿಟ್ಟಿನ ನಷ್ಟ ದೋಣಿ ರಿಪೇರಿಯವನ ತಲೆಗೆ.

ಹಿಂದಿನ ಸಂಜೆ ಗಂಡ ಹೇಳಿದ: "ಮೇಸ್ತ್ರಿ ಕೇಳಿದ. ಕಂಡಿ ಮುಚ್ಚೋದಾದ್ರೆ ಅಚ್ಚು ಕಟ್ಟೋ ಕೆಲಸ ನಂಗೇ ಕೊಡ್ತಾನಂತೆ. ಎಂಟು ದಿನ."

ಸೊಸೆ ಪಾತ್ರೆ ತೊಳೆಯುತ್ತಿದ್ದಳು. "ಏನಂದ್ರಿ?"

"ಆಯ್ತು ಅಂದೆ. ಇನ್ನೇನನ್ನಲಿ? ಏಳು ಸಾವಿರದ ಇನ್ನೂರು."

"ನಿಮ್ಮಪ್ಪನ ಕಾರ್ಯಾಗಾರಕ್ಕೆ ನೀವೇ ಅಡ್ಡಗೋಡೆ ಹಾಕ್ತೀರಾ?"

"ಕಂಡಿ ಬೇಡ ಅಂತ ಮೊದಲು ಹೇಳಿದ್ದು ಯಾರು?"

ಅವಳು ಉಜ್ಜುತ್ತಿದ್ದ ಪಾತ್ರೆಯನ್ನೇ ಮತ್ತೊಮ್ಮೆ ಉಜ್ಜಿದಳು. "ಹಲಗೆ ಎತ್ತಿದ್ದು ನಾವು. ಅದನ್ನ ಯಾರೂ ಹೇಳ್ತಿಲ್ಲ."

"ಅಪ್ಪನೇ ಸುಮ್ನಿದಾರೆ. ನೀನ್ಯಾಕೆ ಬಾಯಿ ಬಿಡ್ತೀಯ? ಹೇಳಿದ್ರೆ ಹಿಟ್ಟಿನ ದುಡ್ಡು ನಮ್ಮ ತಲೆಗೆ ಬರುತ್ತೆ. ಹದಿನಾಲ್ಕು ಸಾವಿರದ ನಾನೂರು. ಆಸ್ಪತ್ರೆಯ ಆರು ಸಾವಿರದ ಆರುನೂರು ಆಗ್ಲೇ ಬಂದಿದೆ."

"ಈಗ ಯಾರ ತಲೆಗೆ ಬರುತ್ತೆ? ನಿಮ್ಮಪ್ಪನ ತಲೆ ಬೇರೆ ಮನೇಲಿದೆಯಾ?"

ಸಭೆ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿಕೊಂಡು ಕುಳಿತಿದ್ದರು. ಕಾರ್ಯದರ್ಶಿ ಪ್ರಸ್ತಾಪ ಓದಿ ಕೇಳಿದ: "ಹಲಗೆ ಸರಿಯಿರಲಿಲ್ಲ ಅನ್ನೋದನ್ನ ಒಪ್ಕೋತೀರಾ?"

ಮಾವ ಎದ್ದು ನಿಂತ. ಟೋಪಿ ಕೈಯಲ್ಲಿತ್ತು. "ಹಲಗೆ ನನ್ನವು. ಸೋರಿದ್ದು ನಿಜ. ಹಿಟ್ಟಿನ ದುಡ್ಡು ಕೊಡ್ತೀನಿ."

"ಕಂಡಿ?"

ಅವನು ಟೋಪಿಯ ಅಂಚನ್ನು ಅರ್ಧ ಸುತ್ತು ತಿರುಗಿಸಿದ. "ಬೀದಿಯವರು ಹೇಗೆ ಹೇಳ್ತಾರೋ ಹಾಗೆ."

ಹಿಂದಿನ ಬೆಂಚಿನಲ್ಲಿ ಅತ್ತೆ ಮೊಮ್ಮಗಳ ಕಡೆ ವಾಲಿದಳು. "ಏನಂದ್ರು?"

"ಆಮೇಲೆ ಹೇಳ್ತೀನಿ ಅಜ್ಜಿ."

"ಈಗಲೇ ಹೇಳು. ನನ್ನ ಗಂಡ ಮಾತಾಡಿದ್ದು."

ಅವಳ ಗಟ್ಟಿ ಧ್ವನಿಗೆ ನಾಲ್ಕಾರು ಜನ ನಕ್ಕರು. ಆ ನಗೆ ನಿಲ್ಲುವ ಮೊದಲೇ ಸೊಸೆ ಎದ್ದಿದ್ದಳು. ಗಂಡ ಅವಳ ಸೆರಗು ಜಗ್ಗಿದ, ಅವಳು ಬಿಡಿಸಿಕೊಂಡಳು.

"ಹಲಗೆ ಸರಿಯಿತ್ತು," ಎಂದಳು. "ತೊಟ್ಟಿಯಲ್ಲಿರಬೇಕಾಗಿತ್ತು. ನಾನು ಎತ್ತಿ ಬಿಸಿಲಿಗಿಟ್ಟೆ. ಬಟ್ಟೆ ಒಗೆಯೋಕೆ ಜಾಗ ಬೇಕಿತ್ತು. ಮಾವ ಊರಲ್ಲಿರಲಿಲ್ಲ, ಅವರಿಗೆ ಗೊತ್ತೂ ಇರಲಿಲ್ಲ. ನಾಲ್ಕು ದಿನ ಒಣಗಿದ್ದಕ್ಕೇ ಅಷ್ಟು ಸುಲಭವಾಗಿ ಇಳೀತು. ಅಷ್ಟು ಸುಲಭವಾಗಿ ಇಳಿದಿದ್ದಕ್ಕೇ ಸೋರ್ತು."

ಸಭೆಯಲ್ಲಿ ಗದ್ದಲವಾಯಿತು. ಬೇಕರಿಯವ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ. "ಅಂದ್ರೆ ನನ್ನ ಹಿಟ್ಟು ಹೋಗಿದ್ದು ನಿನ್ನ ಒಗೆತಕ್ಕೆ?"

"ಹೌದು."

"ಇಷ್ಟು ದಿನ ಮುದುಕನನ್ನ ಬಯ್ಯೋಕೆ ಬಿಟ್ಟು ಸುಮ್ನಿದ್ದೆ?"

"ಹೌದು."

"ಹೌದು ಹೌದು ಅಂದ್ರೆ ಆಯ್ತಾ? ದುಡ್ಡು?"

"ನಾನು ಕೊಡ್ತೀನಿ. ಆದ್ರೆ ಕಂಡಿ ಮುಚ್ಚೋಕೆ ಹಲಗೆಯ ಕಾರಣ ಹೇಳ್ಬೇಡಿ. ಏಳು ಗಂಟೆಗೆ ನೀವೇ ಬಂದು ಕೈ ಇಟ್ಟು ನೋಡಿದ್ರಿ. ಒಂದು ತೊಟ್ಟು ಬರ್ತಿತ್ತಾ?"

ಬೇಕರಿಯವ ಗೋಡೆಯ ಮೇಲಿನ ಭೂಪಟ ನೋಡಿದ. "ಇಲ್ಲ," ಎಂದ ಕೊನೆಗೆ. "ಅದು ನಿಜ. ಬರ್ತಿರಲಿಲ್ಲ."

ಕೈಯೆತ್ತಿಸಿ ಎಣಿಸಲಾಯಿತು. ಮುಚ್ಚಬೇಕೆಂದವರು ಹನ್ನೊಂದು ಮನೆ, ಬೇಡವೆಂದವರು ಹದಿನಾಲ್ಕು. ಬೇಕರಿಯವ ಎರಡಕ್ಕೂ ಎತ್ತಲಿಲ್ಲ. ಕಂಡಿ ಉಳಿಯಿತು, ಹಲಗೆಗಳು ತೊಟ್ಟಿಯಲ್ಲಿವೆಯೇ ಎಂದು ಕಾರ್ಯದರ್ಶಿ ವಾರಕ್ಕೊಮ್ಮೆ ಬಂದು ನೋಡುವುದೆಂದು ಬರೆದಿಡಲಾಯಿತು.

ಹೊರಗೆ ಮೆಟ್ಟಿಲ ಮೇಲೆ ಬೇಕರಿಯವ ಅವಳನ್ನು ನಿಲ್ಲಿಸಿದ. "ನಿನ್ನ ಹತ್ರ ದುಡ್ಡಿಲ್ಲ ಅಂತ ನಂಗೊತ್ತು. ನನ್ನ ಅಂಗಡಿಯ ಏಪ್ರನ್ನು, ಮೇಜುಬಟ್ಟೆ ಹೊರಗೆ ಒಗೆಯೋಕೆ ಕೊಟ್ರೆ ವಾರಕ್ಕೆ ಮುನ್ನೂರು. ಅದು ನೀನು ಒಗೆ. ತೀರೋವರೆಗೆ."

"ನಲವತ್ತೆಂಟು ವಾರ," ಎಂದಳು ಪಕ್ಕದಲ್ಲಿದ್ದ ಮಗಳು.

"ನಿನ್ನನ್ನ ಕೇಳಿದ್ನಾ?" ಎಂದ ಬೇಕರಿಯವ. "ಆದ್ರೆ ಸರಿಯಾಗೇ ಹೇಳಿದೆ."

ಆಸ್ಪತ್ರೆಯವರು ಹನ್ನೊಂದು ವಾರ ಆರುನೂರರಂತೆ ಹಿಡಿದುಕೊಳ್ಳಲು ಒಪ್ಪಿದರು. ಮೇಸ್ತ್ರಿ ಎಂಟು ದಿನದ ಕೆಲಸ ಹಿಂತೆಗೆದುಕೊಂಡ. ಗಂಡ ಎರಡು ದಿನ ಅವಳೊಡನೆ "ಉಪ್ಪು" ಮತ್ತು "ನೀರು" ಎಂಬ ಎರಡು ಮಾತು ಬಿಟ್ಟು ಮೂರನೆಯದಾಡಲಿಲ್ಲ.

"ಈ ಮನೇಲಿ ಮಾತಿಗೂ ದರ ಏರಿದೆ," ಎಂದಳು ಅತ್ತೆ, ಬ್ರೆಡ್ಡನ್ನು ಬೇಳೆಸಾರಿನಲ್ಲಿ ಅದ್ದುತ್ತ. ಆಗ ಯಾರೂ ನಗಲಿಲ್ಲ. ಮೂರನೆಯ ದಿನ ಅದನ್ನು ನೆನೆದು ಗಂಡನೇ ನಕ್ಕ. ನಕ್ಕವನು ಎದ್ದು ಹೋಗಿ ನೆರೆಯವರಿಂದ ಎರಡು ತಗಡಿನ ತೊಟ್ಟಿಗಳನ್ನು ಎರವಲು ತಂದು ಹಿತ್ತಲಲ್ಲಿಟ್ಟ.

ಜುಲೈ ಇಪ್ಪತ್ತೈದು, ಶನಿವಾರ. ಸೊಸೆ ತಗಡಿನ ತೊಟ್ಟಿಯೊಂದರ ಮುಂದೆ ಬಗ್ಗಿ ಬೇಕರಿಯ ಮೊದಲ ಗಂಟನ್ನು ಒಗೆಯುತ್ತಿದ್ದಳು. ಏಪ್ರನ್ನುಗಳ ಜೇಬುಗಳಲ್ಲಿ ಹಿಟ್ಟು ಅಂಟಾಗಿ ಕೂತಿತ್ತು. ಬೆರಳು ಹಾಕಿ ಕೆರೆದು ತೆಗೆಯಬೇಕಿತ್ತು. ಪಕ್ಕದ ಸಿಮೆಂಟಿನ ತೊಟ್ಟಿಯಲ್ಲಿ ಐದು ಹಲಗೆಗಳು ಕಲ್ಲಿನ ಕೆಳಗೆ ಕಪ್ಪಾಗಿ ಮುಳುಗಿದ್ದವು.

ಮಾವ ಕಾರ್ಯಾಗಾರದಿಂದ ಬಂದು ಕಲ್ಲುಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಪ್ರತಿ ಶನಿವಾರ ಈ ಕೆಲಸಕ್ಕೆ ಮಗನನ್ನು ಕರೆಯುತ್ತಿದ್ದ. ಈ ಸಲ ಕರೆಯಲಿಲ್ಲ. ಅಂಗಿಯ ತೋಳು ಮಡಚಿ, ನೀರಿಗೆ ಕೈ ಹಾಕಿ, ಮೊದಲ ಹಲಗೆಯ ಒಂದು ತುದಿಯನ್ನು ಮೇಲಕ್ಕೆತ್ತಿದ.

"ಆ ಕಡೆ ಹಿಡ್ಕೋ," ಎಂದ.

ಸೊಸೆ ಸಾಬೂನು ಕೈ ತೊಳೆದುಕೊಂಡು ಎದ್ದು ಬಂದು ಇನ್ನೊಂದು ತುದಿ ಹಿಡಿದಳು. ಹಲಗೆ ನೀರು ಕುಡಿದು ಎರಡು ಪಟ್ಟು ಭಾರವಾಗಿತ್ತು.

"ಬೆರಳು ಹಲಗೆ ಕೆಳಗೆ ಬೇಡ. ಅಂಗೈ ಕೊಡು. ಹಾಂ. ಈಗ ತಿರುಗಿಸು."

ಐದನ್ನೂ ಮಗುಚಿ ಹಾಕಿದರು. ಕಲ್ಲುಗಳನ್ನು ಮತ್ತೆ ಹೇರಿದರು. ಮಾವ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಮುಂದಿನ ಶನಿವಾರ ನಾನಿಲ್ಲದಿದ್ರೂ ಮಾಡು," ಎಂದು ಹೇಳಿ ಒಳಗೆ ಹೋದ.

ಸೊಸೆ ತಗಡಿನ ತೊಟ್ಟಿಗೆ ಮರಳಿದಳು. ಕೊನೆಯ ಏಪ್ರನ್ನನ್ನು ಹಿಂಡಿ ಹಗ್ಗಕ್ಕೆ ಹಾಕಿದಾಗ ಅತ್ತೆ ಕಂಡಿಯಿಂದ ವಾಪಸು ಬರುತ್ತ, "ಇದೆ," ಎಂದು ಕೂಗಿ ಹೇಳಿದಳು. ಬೇಕರಿಯ ಬಾಕಿ ನಲವತ್ತೇಳು ವಾರಕ್ಕಿಳಿದಿತ್ತು.